ಎಣಿಸದೆ ಬಿಟ್ಟ ಹನ್ನೊಂದು

ಕುರ್ಚಿ ನೆಲದಿಂದ ಹದಿನೇಳು ಇಂಚು ಎತ್ತರ ಇರಬೇಕು. ಅದಕ್ಕೆ ತೋಳು ಇರಬಾರದು. ಜಾರದಂತೆ ಹಿಂಬದಿಯನ್ನು ಗೋಡೆಗೆ ಒತ್ತಿ ಇಡಬೇಕು. ಕೂತವರ ಪಾದ ಪೂರ್ತಿಯಾಗಿ ನೆಲ ಮುಟ್ಟಬೇಕು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, ಶುರು ಎಂದಾಗ ನೆಟ್ಟಗೆ ಎದ್ದು ನಿಲ್ಲಬೇಕು, ಮತ್ತೆ ಪೂರ್ತಿ ಕೂರಬೇಕು. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎನ್ನುವುದೇ ಅಂಕ. ಅರ್ಧ ಕೂತು ಎದ್ದರೆ ಲೆಕ್ಕಕ್ಕಿಲ್ಲ. ಕೈ ಬಿಟ್ಟರೂ ಲೆಕ್ಕಕ್ಕಿಲ್ಲ.

ಅವ್ವ ತೀರಿಕೊಂಡ ಮೇಲೆ ನಾನು ಈ ಪರೀಕ್ಷೆ ಮಾಡಿಸುವ ಕೆಲಸ ಬಿಟ್ಟೆ. ಆದರೂ ಈ ನಿಯಮಗಳನ್ನು ಈಗಲೂ ಪುಸ್ತಕ ನೋಡದೆ ಹೇಳಬಲ್ಲೆ. ಬಸ್ಸಿನಲ್ಲಿ ವಯಸ್ಸಾದ ಹೆಂಗಸರು ಸೀಟಿನಿಂದ ಏಳುವಾಗ ನನ್ನ ಕಣ್ಣು ಅವರ ಕೈ ಕಡೆಗೇ ಹೋಗುತ್ತದೆ.

ಎರಡು ಸಾವಿರದ ಐದರ ಸುಮಾರಿಗೆ ಮೈಸೂರಿನ ಒಂದು ಸಂಸ್ಥೆ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಅರವತ್ತು ದಾಟಿದವರ ಮೈಶಕ್ತಿ ಅಳೆದು, ಅವರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಶುರು ಮಾಡಿತ್ತು. ನನ್ನ ತವರು ಕುದೇರು, ಗಂಡನ ಮನೆ ಗುಂಡ್ಲುಪೇಟೆ. ಪಿಯುಸಿ ಓದಿದ್ದ ನನ್ನನ್ನು ಹದಿನೈದು ದಿನ ತರಬೇತಿ ಕೊಟ್ಟು ಹಳ್ಳಿ ಕೆಲಸಕ್ಕೆ ಹಾಕಿಕೊಂಡರು. ನನ್ನ ಚೀಲದಲ್ಲಿ ಒಂದು ಸ್ಟಾಪ್‌ವಾಚ್, ಟೇಪು, ಬಿಪಿ ನೋಡುವ ಯಂತ್ರ, ಮೂರು ಬಣ್ಣದ ಚೀಟಿಗಳ ಕಟ್ಟು ಇರುತ್ತಿದ್ದವು. ಕುರ್ಚಿ ಬಸ್ಸಿನ ಮೇಲೆ ಬರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಅಂಕ ನೋಡಿ ಒಂದು ಚೀಟಿ ಕೊಡುವುದು. ಹಸಿರು ಬಂದವರು ದಿನಾ ನಡೆಯಲಿ, ಹಳದಿ ಬಂದವರು ನಾವು ಹೇಳಿಕೊಟ್ಟ ವ್ಯಾಯಾಮ ಮಾಡಲಿ ಎಂದು. ಕೆಂಪು ಚೀಟಿಯಲ್ಲಿ ಹೀಗೆ ಅಚ್ಚಾಗಿತ್ತು: ‘ಬೀಳುವ ಅಪಾಯ ಹೆಚ್ಚು. ಒಬ್ಬರ ನೆರವಿಲ್ಲದೆ ಎದ್ದು ಓಡಾಡಬಾರದು. ವೈದ್ಯರನ್ನು ಕಾಣಿ.’ ಕೆಳಗೆ ಸಂಸ್ಥೆಯ ಮೊಹರು.

ಕುದೇರಿನ ಶಿಬಿರ ನಮ್ಮ ಮನೆಯ ಜಗುಲಿಯ ಮೇಲೆಯೇ ನಡೆಯಿತು. ಬೀದಿಯಲ್ಲಿ ಅಷ್ಟು ಉದ್ದದ ಜಗುಲಿ ಬೇರೆ ಇರಲಿಲ್ಲ. ನನ್ನ ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಗೆ ಹಿರಿಯರೆಂದರೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಎಂಬತ್ತರ ಹತ್ತಿರದವರು, ಒಂಟಿ. ಅವರು ಮೊದಲು ಪರೀಕ್ಷೆ ಮಾಡಿಸಿಕೊಂಡು, ಹಸಿರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ತಮ್ಮ ಬೆಂಚಿನ ಮೇಲೆ ಕೂತು ಉಳಿದವರನ್ನು ನೋಡುತ್ತಿದ್ದರು. ನಮ್ಮ ಮೇಲ್ವಿಚಾರಕಿ, ಮೈಸೂರಿನ ಫಿಸಿಯೋಥೆರಪಿ ಮೇಡಂ, ಅವತ್ತು ನಮ್ಮ ಕೆಲಸ ನೋಡಲು ಬಂದಿದ್ದರು.

ಅವ್ವನಿಗೆ ಆಗ ಅರವತ್ತಾರೋ ಅರವತ್ತೇಳೋ. ಬೆಳಕು ಹರಿಯುವ ಮೊದಲೇ ಎದ್ದು ಅಂಗಳ ಗುಡಿಸಿ, ಹಸುವಿನ ಹಾಲು ಕರೆದು, ಹಿತ್ತಲಿಗೆ ಹತ್ತು ಸಲ ಹೋಗಿ ಬರುವ ಹೆಂಗಸು. ಅರಿಸಿನ ಕೀಳುವ ಕಾಲದಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕೊಂಬು ಆರಿಸುತ್ತಿದ್ದಳು. ಕರೆದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದಳು.

“ಪೂರ್ತಿ ಕುಂತ್ಕೊಬೇಕು ಕಣವ್ವ, ಆಮೇಲೆ ಪೂರ್ತಿ ಎದ್ದೇಳ್ಬೇಕು,” ಎಂದೆ.

“ಊಂ ಊಂ,” ಎಂದಳು.

ನಾನು ವಾಚು ಒತ್ತಿದೆ. ಅವಳು ಬಗ್ಗಿ, ಸೀರೆ ಕುರ್ಚಿಯ ಅಂಚಿಗೆ ಸೋಕುವವರೆಗೆ ಇಳಿದು, ಕೂರದೆ ಹಾಗೆಯೇ ಮೇಲೆದ್ದಳು. ಬಲಗೈ ಎದೆಯ ಮೇಲಿತ್ತು. ಎಡಗೈ ಜಾರುತ್ತಿದ್ದ ಸೆರಗನ್ನು ಹಿಡಿದಿತ್ತು. ಮತ್ತೆ ಇಳಿದಳು, ಮತ್ತೆ ಎದ್ದಳು. ಮೂವತ್ತು ಸೆಕೆಂಡಿನಲ್ಲಿ ಹನ್ನೊಂದು ಸಲ, ಅವಳ ವಯಸ್ಸಿಗೆ ಹಸಿರು ಚೀಟಿ ಬರುವಷ್ಟು. ಒಂದು ಸಲವೂ ಕುರ್ಚಿಯ ಮೇಲೆ ಭಾರ ಬಿಡಲಿಲ್ಲ.

“ಎಷ್ಟಾಯ್ತು?” ಎಂದರು ಮೇಡಂ.

“ಸೊನ್ನೆ ಮೇಡಂ. ಪೂರ್ತಿ ಕೂತಿಲ್ಲ, ಕೈನೂ ಬಿಟ್ಟಿದ್ದಾರೆ.”

“ಇನ್ನೊಂದು ಸಲ ಮಾಡಿಸಿ ನೋಡಿ.”

ಬೆಂಚಿನ ಮೇಲಿದ್ದ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಅವ್ವ ಕುರ್ಚಿಯಿಂದ ಎರಡು ಹೆಜ್ಜೆ ದೂರ ಸರಿದು, “ಸಾಕು ಬುಡು ಮಗ, ಬ್ಯಾರೇರ್ನ ಕರಿ,” ಎಂದು ನಕ್ಕಳು.

ತಮ್ಮನ ಹೆಂಡತಿಯಾದವಳು ಭಾವನವರ ಎದುರಿಗೆ ಎತ್ತರದ ಪೀಠದ ಮೇಲೆ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮದುವೆಯಾಗಿ ಬಂದ ದಿನದಿಂದ ಅವ್ವ ದೊಡ್ಡಪ್ಪನ ಜೊತೆ ಮಾತಾಡಿದ್ದೆಲ್ಲ ಬಾಗಿಲ ಮರೆಯಿಂದಲೇ. ಆವತ್ತು ಅವಳೇಕೆ ಕೂರಲಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಹೊಳೆಯದಿರುವಂಥದ್ದಲ್ಲ ಅದು. ಅದಕ್ಕೂ ಹಿಂದಿನ ವಾರ ನಮ್ಮ ಜೊತೆಯ ಒಬ್ಬ ತನ್ನ ಸೋದರತ್ತೆಗೆ ಎರಡು ಅಂಕ ಹೆಚ್ಚು ಬರೆದನೆಂದು ಮೇಡಂ ಎಲ್ಲರೆದುರು ಬೈದಿದ್ದರು. ಹೆತ್ತ ತಾಯಿಗೆ ವಿನಾಯಿತಿ ತೋರಿಸಿದಳು ಎನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಸೊನ್ನೆ ಬರೆದು, ಕೆಂಪು ಚೀಟಿ ಹರಿದು ಅಣ್ಣನ ಕೈಗೆ ಕೊಟ್ಟೆ.

ಅಣ್ಣ ಅದನ್ನು ಅನ್ನದ ಅಗುಳು ಹಚ್ಚಿ ಕ್ಯಾಲೆಂಡರಿನ ಪಕ್ಕ ಗೋಡೆಗೆ ಅಂಟಿಸಿದ. ಮಾರನೆಯ ಬೆಳಿಗ್ಗೆ ನಾನು ಹೊರಡುವಾಗ ಅವ್ವ ಪೊರಕೆ ಹಿಡಿದಿದ್ದಳು. ಅತ್ತಿಗೆ ಓಡಿಬಂದು ಕಿತ್ತುಕೊಂಡಳು.

“ಇನ್ಮ್ಯಾಲೆ ನೀವು ಕಸ ಗುಡ್ಸಂಗಿಲ್ಲ ಅತ್ತೆ. ಬರ್ದದೆ ನೋಡಿ ಅಲ್ಲಿ.”

“ಬರ್ದವ್ಳು ಯಾರು? ನನ್ ಮಗ್ಳೇ,” ಎಂದಳು ಅವ್ವ. “ಮೊಹರು ಒತ್ತಿ ನನ್ನ ಮೂಲೇಲಿ ಕೂರುಸ್ಬುಟ್ಲು ಕಣಮ್ಮಿ!”

ಎಲ್ಲರೂ ನಕ್ಕೆವು. ಅತ್ತಿಗೆ ಒಳ್ಳೆಯವಳು. ಅತ್ತೆಯನ್ನು ಕೂರಿಸಿ ಉಣ್ಣಿಸಬೇಕೆಂದು ಅವಳಿಗೆ ಮೊದಲಿನಿಂದಲೂ ಆಸೆಯಿತ್ತು. ಆ ಚೀಟಿ ಅವಳಿಗೆ ದಾರಿ ಮಾಡಿಕೊಟ್ಟಿತು.

ಆಮೇಲೆ ನಮ್ಮ ಕೆಲಸ ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಗೆ ಹೋಯಿತು. ನಾಲ್ಕು ತಿಂಗಳಲ್ಲಿ ನಾನು ತವರಿಗೆ ಹೋದದ್ದು ಎರಡೇ ಸಲ. ಎರಡು ಸಲವೂ ಅವ್ವ ಒಳಕೋಣೆಯಲ್ಲಿ ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು. ಮುಖ ತುಂಬಿಕೊಂಡಿತ್ತು. ಕೈಗೆ ಅಂಟಿದ್ದ ಅರಿಸಿನದ ಬಣ್ಣ ಹೋಗಿತ್ತು. ಕೊನೆಗೂ ಇವಳಿಗೆ ಆರಾಮ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಎರಡನೆಯ ಸಲ, ಹಿತ್ತಲ ಕಕ್ಕಸಿಗೆ ಹೋಗಲು ಅವಳು ಅತ್ತಿಗೆಯನ್ನು ಕೂಗಿದಳು. ಅತ್ತಿಗೆ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಹಾಗಾದರೆ ನಾನು ಕೊಟ್ಟ ಕೆಂಪು ಚೀಟಿ ಸರಿಯಾಗಿಯೇ ಇತ್ತು ಎಂದುಕೊಂಡೆ. ಇದನ್ನು ಬರೆಯುವುದು ಕಷ್ಟ. ಆದರೆ ಅಂದುಕೊಂಡದ್ದು ಅದನ್ನೇ.

ತೆರಕಣಾಂಬಿ ಕಡೆಯ ಒಂದು ಹಳ್ಳಿ. ಚೆಂಡುಹೂವಿನ ಹೊಲಕ್ಕೆ ಕೂಲಿ ಹೋಗುತ್ತಿದ್ದ ಒಬ್ಬ ಅಜ್ಜಿಯ ಸರದಿ. ಸೆರಗಿನ ತುಂಬ ಹೂವಿನ ಕಲೆ. ಜಗುಲಿಯಲ್ಲಿ ಅವಳ ಅಳಿಯ ಪೇಪರು ಓದುತ್ತ ಕೂತಿದ್ದ. ಅಜ್ಜಿ ಕುರ್ಚಿಯ ಹತ್ತಿರ ಬಂದು, ಸೆರಗು ಎಳೆದುಕೊಂಡು, ಅಂಚಿಗೆ ಸೋಕಿಸಿ ಸೋಕಿಸಿ ಎದ್ದಳು. ನಾನು ಪೆನ್ನು ತೆಗೆದೆ.

“ಏನಮ್ಮಿ ಬರ್ಕೊಂಡದ್ದು?”

“ಸೊನ್ನೆ ಕಣಜ್ಜಿ. ನೀವು ಕೂತ್ಕೊಳ್ಲೇ ಇಲ್ಲ.”

“ಸೊನ್ನೆಯಾ? ನಂಗಾ?” ಅಜ್ಜಿ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಕಂಕುಳಲ್ಲಿ ಇರುಕಿಕೊಂಡಳು. “ಬಾ ಇತ್ತಲಿಗೆ, ತೋರುಸ್ತೀನಿ.”

ಹಿತ್ತಲಿನಲ್ಲಿ ಬಚ್ಚಲ ಗೋಡೆಗೆ ಕುರ್ಚಿ ಒತ್ತಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಕಟ್ಟಿ ಕೂತಳು. ಹದಿನಾಲ್ಕು ಸಲ ಎದ್ದಳು. ಉಸಿರು ಸ್ವಲ್ಪ ಜೋರಾಗಿತ್ತು, ಅಷ್ಟೇ.

“ಅಳಿಯಂದ್ರು ಅಲ್ಲಿ ಕುಂತವ್ರೆ. ಅವ್ರ ಮುಂದೆ ನಾನು ಕುರ್ಚಿ ಮ್ಯಾಲೆ ಕುಂತು ಕುಣೀಬೇಕಾ? ನಿಮ್ಮವ್ವ ಕುಂತವಳಾ ಯಾವತ್ತಾದ್ರೂವೆ?”

ಸೊನ್ನೆಯ ಮೇಲೆ ಗೆರೆ ಎಳೆದು ಹದಿನಾಲ್ಕು ಎಂದು ಬರೆದೆ. ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದದ್ದು ನೆನಪಿಲ್ಲ. ಖಾಲಿ ಲೋಟ ಕೈಯಲ್ಲಿದ್ದದ್ದು ನೆನಪಿದೆ.

ಭಾನುವಾರ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಸಂತೆಮರಹಳ್ಳಿ, ಅಲ್ಲಿಂದ ಕುದೇರು. ಮನೆಯ ಕುರ್ಚಿಯೊಂದನ್ನು ಅವ್ವನ ಕೋಣೆಯೊಳಗೆ ತಂದು ಬಾಗಿಲು ಹಾಕಿಕೊಂಡೆ.

“ಅವ್ವ, ಅವತ್ತು ಯಾಕೆ ಕೂತ್ಕೊಳ್ಲಿಲ್ಲ ನೀನು?”

“ಎಂಗೆ ಕೂತ್ಕಳದು? ಭಾವನೋರು ಅಲ್ಲೇ ಕುಂತಿದ್ರಲ್ಲ.” ಇದೇನು ಕೇಳುವ ಮಾತೇ ಎನ್ನುವ ಹಾಗೆ ನನ್ನ ಮುಖ ನೋಡಿದಳು.

“ಈಗ ಯಾರೂ ಇಲ್ಲ. ಕೂತ್ಕೊ.”

ಈಗ ಅವಳು ಪೂರ್ತಿ ಕೂತಳು. ಕೈ ಕಟ್ಟಿಕೊಂಡಳು. ನಾನು ವಾಚು ಒತ್ತಿದೆ. ಮುಂದಕ್ಕೆ ಬಾಗಿದಳು, ತೊಡೆ ನಡುಗಿತು, ಸೊಂಟ ಎರಡು ಬೆರಳಿನಷ್ಟು ಮೇಲೆದ್ದು ಧೊಪ್ಪನೆ ಕೆಳಗೆ ಬಿತ್ತು. ಮೂರು ಸಲ ಹಾಗೆಯೇ ಆಯಿತು. ಮೂವತ್ತು ಸೆಕೆಂಡು ಮುಗಿಯುವ ಮೊದಲೇ ನಾನು ವಾಚು ನಿಲ್ಲಿಸಿದೆ.

“ಕಾಲು ನಂದಲ್ವೇನೋ ಅನ್ನಂಗೆ ಆಗ್ಬುಟ್ಟದೆ ಮಗ,” ಎಂದಳು. ತೊಡೆ ನೀವಿಕೊಳ್ಳುತ್ತ, “ಉಣ್ಣಕ್ಕೆ ಬೇರೆಯೋರು ಇಕ್ಲಿ, ಬಟ್ಟೆ ಬೇರೆಯೋರು ಒಗೀಲಿ. ಕಕ್ಕಸಿಗೆ ಮಾತ್ರ ಯಾರ ಕೈನೂ ಇಡೀದಂಗೆ ಓಗಿ ಬರಂಗಾದ್ರೆ ಸಾಕು ನಂಗೆ. ಆ ಉಡ್ಗಿ ಎಷ್ಟು ಅಂತ ಬಂದಾಳು,” ಎಂದಳು. ಮುಂದೆ ನಾವು ಮಾಡಿದ್ದೆಲ್ಲ ಇದೊಂದಕ್ಕಾಗಿ.

ಸೋಮವಾರ ಗುಂಡ್ಲುಪೇಟೆಯ ಮಹಡಿಯ ಮೇಲಿನ ನಮ್ಮ ಆಫೀಸಿನಲ್ಲಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಕುದೇರಿನ ಸೊನ್ನೆ ಸುಳ್ಳು ಎಂದೂ, ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು ಎಂದೂ ಹೇಳಿದೆ. ಅವರು ಬೈಯಲಿಲ್ಲ. ಕಪಾಟಿನಿಂದ ಫಾರಂ ಕಟ್ಟುಗಳನ್ನು ತೆಗೆದು ಹೆಂಗಸರ ಸೊನ್ನೆಗಳನ್ನು ಬೇರೆ ಇಡುತ್ತಾ ಹೋದರು. ಶಿಬಿರ ಎಲ್ಲಿ ನಡೆಯಿತು, ಎದುರಿಗೆ ಯಾರಿದ್ದರು ಎಂದು ಒಂದೊಂದಕ್ಕೂ ಕೇಳಿದರು. ದೇವಸ್ಥಾನದ ಕಟ್ಟೆ, ಯಜಮಾನರ ಜಗುಲಿ, ಡೇರಿಯ ಮುಂದೆ. ನಾವು ಎಲ್ಲ ಕಡೆ ಗಂಡಸರು ಕೂರುವ ಜಾಗದಲ್ಲೇ ಕುರ್ಚಿ ಇಟ್ಟಿದ್ದೆವು. ಮೇಜಿನ ಮೇಲೆ ಬೇರೆ ಇಟ್ಟ ಕಟ್ಟು ದಪ್ಪವಾಗುತ್ತಲೇ ಹೋಯಿತು.

ಮೇಡಂ ಮೈಸೂರಿಗೆ ಫೋನು ಮಾಡಿದರು. ನಡುವೆ ವಿಧಾನ ಬದಲಾಯಿಸಿದರೆ ಮೊದಲ ಸುತ್ತಿನ ಜೊತೆ ಹೋಲಿಸಲು ಬರುವುದಿಲ್ಲ, ಇದ್ದಂತೆಯೇ ಮುಗಿಸಿ ಎಂದು ಅಲ್ಲಿಯವರು ಹೇಳಿದರಂತೆ. ಫೋನು ಇಟ್ಟು ಮೇಡಂ ಬೇರೆ ಇಟ್ಟಿದ್ದ ಕಟ್ಟಿಗೆ ದಾರ ಬಿಗಿದರು. ಆಮೇಲೆ, “ಫಾರಂ ಅವರದ್ದು, ಹಾಗೇ ಇರಲಿ. ಮನೆಗಳಿಗೆ ಹೋಗಿರೋ ಚೀಟಿ ನಮ್ಮದು. ಅದನ್ನ ವಾಪಸ್ ತರೋಣ,” ಎಂದರು.

ಅಂದಿನಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಕೆಂಪು ಚೀಟಿ ಹೋಗಿದ್ದ ಒಂದೊಂದು ಮನೆಗೂ ಹೋಗಿ, ಹೆಂಗಸರನ್ನು ಅಡುಗೆಮನೆಯಲ್ಲೋ ಹಿತ್ತಲಿನಲ್ಲೋ ಮತ್ತೆ ಕೂರಿಸಿ ಏಳಿಸಿದೆವು. ಕೆಲವರು ಗಟ್ಟಿಯಾಗಿಯೇ ಇದ್ದರು, ಚೀಟಿಯನ್ನು ಒಲೆಗೆ ಹಾಕಿದ್ದರು. “ನಿನ್ ಕಾಗದ ನೋಡ್ಕೊಂಡು ಕುಂತಿದ್ರೆ ನಮ್ ಹಸೂಗೆ ಹುಲ್ಲು ಯಾರವ್ವ ಕುಯ್ಯೋರು?” ಎಂದು ಒಬ್ಬಳು ನನ್ನ ಗಲ್ಲ ತಿವಿದಳು. ಇನ್ನು ಕೆಲವು ಮನೆಗಳಲ್ಲಿ ಚೀಟಿ ಗೋಡೆಯ ಮೇಲಿತ್ತು. ಅಂಥ ಮನೆಗಳಲ್ಲಿ ನಾನು ಮೊದಲು ಮಂಚದ ಕಡೆ ನೋಡುತ್ತಿದ್ದೆ.

ವಾರವೆಲ್ಲ ಆ ಕೆಲಸ. ಅವ್ವನಿಗೆ ಉಳಿದದ್ದು ಭಾನುವಾರ ಮಾತ್ರ. ಏನು ಮಾಡಿಸಬೇಕೆಂದು ಮೇಡಂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ. ಎತ್ತರದಿಂದ ಏಳುವುದು ಸುಲಭ. ಮೊದಲ ವಾರ ಕೈ ಊರಿಯೇ ಐದು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಬಿಗಿಹಿಡಿಯಬಾರದು, ಏಳುವಾಗ ಬಾಯಲ್ಲಿ ಗಟ್ಟಿಯಾಗಿ ಎಣಿಸಬೇಕು. ತಲೆ ಸುತ್ತಿದರೆ, ಎದೆ ನೊಂದರೆ ನಿಲ್ಲಿಸಬೇಕು. ಎಂಟು ಸಲ ಸಲೀಸಾದ ಮೇಲೆ ಒಂದು ಇಟ್ಟಿಗೆ ತೆಗೆಯುವುದು. ಆಮೇಲೆ ಕಂಬ ಹಿಡಿದು ಹಿಮ್ಮಡಿ ಎತ್ತುವುದು, ನಿಂತಲ್ಲೇ ಹೆಜ್ಜೆ ಹಾಕುವುದು, ಕೊನೆಗೆ ನಡೆಯುವುದು.

ಅಣ್ಣ ಇಟ್ಟಿಗೆ ತಂದುಕೊಟ್ಟ. ಆದರೆ ಅವನ ಮುಖ ಗಂಟಾಗಿತ್ತು. “ಅವತ್ತು ನೀನೇ ಏಳ್ಬ್ಯಾಡ ಅಂದೆ. ಇವತ್ತು ನೀನೇ ಏಳು ಅಂತಿಯೆ. ಯಾವುದ್ನ ಕೇಳದು ನಾವು? ಬಿದ್ಗಿದ್ದು ಸೊಂಟ ಮುರುದ್ರೆ ಯಾರಮ್ಮಿ ನೋಡೋರು?”

“ತಪ್ಪು ನಂದೇ ಕಣಣ್ಣ,” ಎಂದೆ. ಅವನು ಗೋಡೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಪೂರ್ತಿ ಬರಲಿಲ್ಲ.

ಮಂಚದಿಂದ ಏಳುವುದು ಮೂರು ವಾರದಲ್ಲಿ ಬಂತು. ಎರಡು ಇಟ್ಟಿಗೆ ಒಂದಾಯಿತು. ಅಲ್ಲಿಗೆ ನಿಂತುಹೋಯಿತು. ಅವ್ವನ ಕೋಣೆಯಲ್ಲಿ ಒಂದು ಮಂಚ, ಉಳಿದದ್ದೆಲ್ಲ ಅರಿಸಿನದ ಮೂಟೆ. ನಡೆಯಲು ಜಾಗವಿದ್ದದ್ದು ಪಡಸಾಲೆಯಲ್ಲಿ ಮಾತ್ರ. ಹಿಡಿದುಕೊಳ್ಳಲು ಸಾಲಾಗಿ ನಾಲ್ಕು ಕಂಬ, ಕಂಬಕ್ಕೊಂದು ಕುರ್ಚಿ ಹಾಕಿದರೆ ದಣಿದಲ್ಲಿ ಕೂರಬಹುದು. ಆದರೆ ಜಗುಲಿ ಬಿಸಿಲಾದ ಮೇಲೆ ದೊಡ್ಡಪ್ಪನ ಬೆಂಚು ಪಡಸಾಲೆಗೆ ಬರುತ್ತಿತ್ತು. ಬೆಳಗಿನ ಪೂಜೆ ಮುಗಿಸಿ ಕೂತರೆ ಊಟದ ಹೊತ್ತಿಗೇ ಏಳುವುದು. ಅವರಿದ್ದಾಗ ಅವ್ವ ಹೊಸ್ತಿಲು ದಾಟುತ್ತಿರಲಿಲ್ಲ. ಎರಡು ಭಾನುವಾರ ಹೀಗೆಯೇ ಕಳೆದವು. ಅತ್ತಿಗೆ ಅಳುವ ಹಾಗೆ ಮಾಡಿದಳು. “ನಾನೇನ್ ಮಾಡ್ಲಿ? ದೊಡ್ಡ ಮಾವನೋರು ಅವ್ರೆ ಅಂತಾರೆ, ಕೋಣೆ ಒಳಗೇ ನಿಂತ್ಕೊಂಡುಬುಡ್ತಾರೆ.”

ಮೂರನೆಯ ಭಾನುವಾರ ನಾನು ದೊಡ್ಡಪ್ಪನ ಮುಂದೆ ಹೋಗಿ ನಿಂತೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಲ್ಲಿ ನಿಂತಾಗ ಒಂದೂ ನೆನಪಾಗಲಿಲ್ಲ.

“ದೊಡ್ಡಪ್ಪ, ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ, ನೀವು ಪಡಸಾಲೇಲಿ ಇರಬಾರ್ದು.”

“ಯಾಕಮ್ಮಿ?”

“ಅವ್ವ ನಿಮ್ಮ ಮುಂದೆ ಕೂರಲ್ಲ. ಕೂರ್ದೆ ಏಳೋದು ಕಲಿಯಕ್ಕಾಗಲ್ಲ.”

ಅವರು ಬೆಂಚಿಗೆ ಒರಗಿಸಿದ್ದ ದೊಣ್ಣೆಯನ್ನು ಕೈಗೆ ತೆಗೆದುಕೊಂಡರು. “ಈ ಮನೇಲಿ ನಂಗೆ ಎದ್ದೋಗು ಅಂದೋರು ಇಲ್ಲೀಗಂಟ ಯಾರೂ ಉಟ್ಟಿರ್ನಿಲ್ಲ,” ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ದೊಡ್ಡಪ್ಪ ದೊಣ್ಣೆ ಊರಿಕೊಂಡು ಎದ್ದರು, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದರು. ಅವರು ಅರಳಿಕಟ್ಟೆಯ ಮೇಲೆ ಕೂತದ್ದು ಬಾಗಿಲಿನಿಂದ ಕಾಣುತ್ತಿತ್ತು. ಸರಿಯಾಗಿ ಒಂದು ಗಂಟೆಯಾದ ಮೇಲೆ ವಾಪಸು ಬಂದರು.

ಆ ಒಂದು ಗಂಟೆ ವ್ಯರ್ಥವಾಯಿತು. ಅವ್ವ ಮಂಚ ಬಿಟ್ಟು ಏಳಲಿಲ್ಲ. “ಭಾವನೋರ್ನ ಮನೆಯಿಂದ ಎಬ್ಬುಸ್ಬುಟ್ಟೆಲ್ಲ! ಊರೋರು ಏನಂದಾರು? ನಾನು ಕಾಲಿಲ್ದೆ ಸಾಯ್ತೀನಿ ಬುಡು,” ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಸೋಮವಾರವೂ ಏಳಲಿಲ್ಲವಂತೆ. ದೊಡ್ಡಪ್ಪ ಎರಡು ಹೊತ್ತೂ ಅರಳಿಕಟ್ಟೆಗೆ ಹೋಗಿ ಬಂದರಂತೆ. ಮಂಗಳವಾರ ಅತ್ತಿಗೆ ರೇಗಿದಳಂತೆ. “ದೊಡ್ಡ ಮಾವನೋರು ಅಲ್ಲಿ ಗಾಳೀಲಿ ಕುಂತವ್ರೆ. ನೀವಿಲ್ಲಿ ಮನೀಕಂಡಿದ್ರೆ ಅವ್ರು ಓಗಿದ್ದೆಲ್ಲ ದಂಡ ಆಯ್ತದೆ ಅತ್ತೆ. ಅವ್ರಿಗೆ ಮರ್ಯಾದೆ ಕೊಡದು ಇಂಗೇನಾ?” ಅವ್ವ ಎದ್ದು ಕೂತು, “ಕೈ ಕೊಡು,” ಎಂದಳಂತೆ. ನಾನು ಹದಿನೈದು ದಿನ ಕಲಿತು ಬಂದದ್ದರಲ್ಲಿ ಈ ಮಾತು ಇರಲಿಲ್ಲ.

ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಆಯಿತು. ಇಟ್ಟಿಗೆ ಪೂರ್ತಿ ಹೋಯಿತು. ಕುರ್ಚಿಯ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಹಾಕಿ, ವಾರಕ್ಕೊಂದು ಮಡಿಕೆ ಕಡಿಮೆ ಮಾಡಿದೆವು. ಮೊದಲನೆಯ ಕಂಬದಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರಕ್ಕೆ. ಅತ್ತಿಗೆ ದಿನದ ಎಣಿಕೆಯನ್ನು ಕಂಬದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿಡುತ್ತಿದ್ದಳು. ಹೋದ ಭಾನುವಾರ ಎಲ್ಲಿದ್ದಳು, ಈ ಭಾನುವಾರ ಎಲ್ಲಿದ್ದಾಳೆ ಎಂದು ನಾನು ಬಂದ ಕೂಡಲೇ ಕಾಣುತ್ತಿತ್ತು. ಕೆಲವು ದಿನ ಗೆರೆಗಳಿರುತ್ತಿರಲಿಲ್ಲ. ಮಂಡಿ ಊದಿದ ದಿನ, ಬೇಸರ ಬಂದ ದಿನ.

ದೀಪಾವಳಿ ಕಳೆದ ಒಂದು ಭಾನುವಾರ ಅವ್ವ ಕೈ ಕಟ್ಟಿಕೊಂಡು ನಾಲ್ಕು ಸಲ ಎದ್ದಳು. ಪೂರ್ತಿ ಕೂತು, ಪೂರ್ತಿ ನಿಂತು. ಆಮೇಲೆ ಗೋಡೆ ಹಿಡಿದು ಅಡುಗೆಮನೆ ದಾಟಿದಳು. ನಾನು ಹಿಂದೆಯೇ ಹೆಜ್ಜೆ ಹಾಕಿದೆ.

“ಇಂದೆ ಬರ್ಬ್ಯಾಡ,” ಎಂದಳು.

ನಾನು ಬಾಗಿಲಲ್ಲೇ ನಿಂತೆ. ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹೋದಳು. ಕಕ್ಕಸಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು, ಬಹಳ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದು. ಬೆವರಿ ಬಂದು ಕುರ್ಚಿಯ ಮೇಲೆ ಕೂತು ನೀರು ಕೇಳಿದಳು. ಆಮೇಲೆ ಹದಿನೆಂಟು ಇಪ್ಪತ್ತು ದಿನ ಅವಳು ಹಾಗೆಯೇ ಒಬ್ಬಳೇ ಹೋಗಿ ಬಂದಳು ಎಂದು ಅತ್ತಿಗೆ ಹೇಳಿದ್ದಾಳೆ.

ಚಳಿ ಬಿತ್ತು. ಶೀತ ಕೆಮ್ಮಾಗಿ, ಕೆಮ್ಮು ಜ್ವರವಾಗಿ ಎದೆಗೆ ಇಳಿಯಿತು. ಆಗ ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಅಣ್ಣ ಕಾಯಿನ್ ಬೂತಿನಿಂದ ಆಫೀಸಿಗೆ ಫೋನು ಮಾಡಿ ಹೇಳಿಸಿದ. ನಾನು ಚಾಮರಾಜನಗರದ ಆಸ್ಪತ್ರೆಗೆ ಹೋದಾಗ ಅವ್ವನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಕಫ ಬರಲಿ ಎಂದು ಎರಡೆರಡು ಗಂಟೆಗೊಮ್ಮೆ ಎತ್ತಿ ಕೂರಿಸಿ ಬೆನ್ನು ತಟ್ಟುತ್ತಿದ್ದೆ. ಕೆಮ್ಮುವುದಕ್ಕೂ ಅವಳಲ್ಲಿ ಬಲವಿರಲಿಲ್ಲ. ಡಾಕ್ಟರು ವಯಸ್ಸಾದ ಸೌಮ್ಯ ಮನುಷ್ಯ. “ಔಷಧಿ ತನ್ನ ಕೆಲಸ ಮಾಡ್ತಾ ಇದೆ ಕಣಮ್ಮ. ತಡ್ಕೊಳ್ಳೋದಕ್ಕೆ ಮೈಯಲ್ಲಿ ಏನಾದ್ರೂ ಕೂಡಿಟ್ಟಿರಬೇಕಲ್ಲ. ಬಹಳ ದಿನ ಮಲಗಿದ್ರಾ ಇವರು?” ಎಂದು ಕೇಳಿದರು. ಹೂಂ ಎಂದೆ.

ಆರನೆಯ ದಿನ ದೊಡ್ಡಪ್ಪ ನೋಡಲು ಬಂದರು. ವಾರ್ಡಿನ ಬಾಗಿಲಲ್ಲಿ ಅವರ ದೊಣ್ಣೆಯ ಸದ್ದು ಕೇಳಿದ್ದೇ ಅವ್ವ ಕಣ್ಣು ಬಿಟ್ಟು ಸೆರಗಿಗಾಗಿ ತಡಕಾಡಿದಳು. ಆಮೇಲೆ ಒಂದು ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟಳು. ಏಳಲು ನೋಡುತ್ತಿದ್ದಾಳೆ ಎಂದು ನನಗೆ ತಿಳಿಯುವಷ್ಟರಲ್ಲಿ ಆಕ್ಸಿಜನ್ ನಳಿಕೆ ಮೂಗಿನಿಂದ ಕಳಚಿತ್ತು. 

“ಮನೀಕ, ಮನೀಕ ಅನ್ನು ಅವಳ್ಗೆ,” ಎಂದು ದೊಡ್ಡಪ್ಪ ನನಗೆ ಹೇಳಿ ಬಾಗಿಲಿನಿಂದಲೇ ಹಿಂತಿರುಗಿದರು. ಮತ್ತೆ ಅವರು ಆಸ್ಪತ್ರೆಗೆ ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅವ್ವ ಹೋದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಪಡಸಾಲೆಯ ಗೋಡೆಗೆ ಒರಗಿಸಿ, ಎತ್ತರದ ಹಲಗೆಯ ಮೇಲೆ ಅವ್ವನನ್ನು ಕೂರಿಸಿದರು. ಮೈ ವಾಲದಂತೆ ಎದೆಯ ಸುತ್ತ ಬಟ್ಟೆ ಕಟ್ಟಿದರು. ತಲೆಯ ಮೇಲೆ ಸೆರಗು ಹೊದಿಸಿದ್ದು ಅತ್ತಿಗೆ.

ದೊಡ್ಡಪ್ಪನ ಬೆಂಚು ಅಲ್ಲಿಯೇ ಇತ್ತು. ಅವರು ಅದರ ಮೇಲೆ ಕೂರಲಿಲ್ಲ. ಕಂಬಕ್ಕೆ ಭುಜ ಕೊಟ್ಟು ಬೆಳಿಗ್ಗೆಯಿಂದ ನಿಂತೇ ಇದ್ದರು. ಬಂದವರೆಲ್ಲ, “ಕುಂತ್ಕಳಿ ಯಜಮಾನ್ರೇ, ನಿಮ್ಗೂ ವಯಸ್ಸಾಯ್ತು,” ಎಂದರು. ಅಣ್ಣ ಕೈ ಹಿಡಿದು ಕೂರಿಸಲು ಹೋದ. ಬೇಡವೆಂದು ತಲೆಯಾಡಿಸಿದರು. ಮಧ್ಯಾಹ್ನ ತಿರುಗುವ ಹೊತ್ತಿಗೆ ಅವರ ಮಂಡಿ ನಡುಗುತ್ತಿತ್ತು. ನಾನು ನೀರು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

ಅವರು ನೀರು ಕುಡಿಯಲಿಲ್ಲ. ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿದರು: “ನೀನು ಜಗುಲಿ ಮ್ಯಾಲೆ ಪರೀಕ್ಷೆ ಮಾಡ್ದಾಗ, ಅವ್ಳು ಯಾಕೆ ಕೂರ್ನಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣಮ್ಮಿ. ಎದ್ದು ಒಳಕ್ಕೆ ಓಗ್ಬೋದಾಗಿತ್ತು. ಏಳಿ ಅಂತ ಯಾರೂ ಅನ್ನಿಲ್ಲ. ನಾನೂ ಏಳ್ನಿಲ್ಲ.”

“ನಂಗೂ ಗೊತ್ತಿತ್ತು ದೊಡ್ಡಪ್ಪ,” ಎಂದೆ.

ಅವರು ನನ್ನ ಕಡೆ ನೋಡಿದರು. ಆಮೇಲೆ ಅವ್ವನ ಕಡೆ ನೋಡಿದರು. ಹೊರಗೆ ಯಾರೋ ಎಲ್ಲ ಸಿದ್ಧವಾಯಿತು ಎಂದು ಕೂಗಿದರು. ನಾಲ್ಕು ಜನ ಒಳಗೆ ಬಂದು ಹಲಗೆಗೆ ಕೈ ಹಾಕಿದರು. ಪಡಸಾಲೆಯಲ್ಲಿ ಜಾಗ ಸಾಲದಾಗಿ, ನಾವಿಬ್ಬರೂ ದಾರಿ ಬಿಟ್ಟು ಗೋಡೆಗೆ ಸರಿದು ನಿಂತೆವು.